ಕುದುರೆಗೆ ಹಾಕಿದ ಸೂಜಿ

ಐವತ್ತೆಂಟನೇ ಇಸವಿಯ ಮಾತು. ಹೊಳೆನರಸೀಪುರದಲ್ಲಿ ಜಟಕಾ ಹೊಡೆಯುತ್ತಿದ್ದ ಚಿಕ್ಕಯ್ಯನ ತಾಯಿ ಮಾದಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ. ವಾಸಿಯಾಗುವ ಹಂತ ದಾಟಿತ್ತು. ಅವಳ ನರಳಾಟ ಬೀದಿಗೆಲ್ಲ ಕೇಳುತ್ತಿತ್ತು.

ನೋಡಲು ಬಂದ ಡಾಕ್ಟರ ಕೈಯನ್ನು ಚಿಕ್ಕಯ್ಯ ಹಾಸಿಗೆಯ ಪಕ್ಕದಲ್ಲೇ ಹಿಡಿದುಕೊಂಡ.

“ಸಾ, ಓದ್ ವರ್ಸ ನನ್ ಕುದ್ರೆ ಕಾಲ್ ಮುರ್ಕಂಡಾಗ ದನದ ಡಾಕ್ಟ್ರು ಒಂದ್ ಸೂಜಿ ಹಾಕುದ್ರು. ತಣ್ಣಗೆ ಮನೀಕಂತು. ಅಂಗೇ ನಮ್ಮವ್ವಂಗೂ ಒಂದ್ ಹಾಕ್ಬುಡಿ.”

“ಏನ್ ಮಾತಯ್ಯ ಇದು! ಜೀವ ತೆಗೆಯೋದು ನನ್ ಕೆಲ್ಸ ಅಲ್ಲ.”

“ಉಳ್ಸಕ್ಕೂ ಆಗಾಕಿಲ್ಲ, ಕಳ್ಸಕ್ಕೂ ಆಗಾಕಿಲ್ಲ. ಮತ್ ಆ ಬ್ಯಾಗ್ ಯಾಕ್ ಸಾ ಒತ್ಕಂಡ್ ತಿರುಗ್ತೀರಿ?”

“ನೋವು ತಡೆಯೋ ಮದ್ದಿದೆ ಇದ್ರಲ್ಲಿ. ಇರೋಷ್ಟು ದಿನ ನಿಮ್ಮಮ್ಮ ನರಳ್ದೆ, ನಿಮ್ ಜೊತೆ ಮಾತಾಡ್ಕೊಂಡು ಇರ್ಬೋದು. ನೀನ್ ಕೇಳ್ಬೇಕಾಗಿದ್ದು ಅದನ್ನ.”

“ಮದ್ಲು ಅದ್ನ ಕೊಡಿ ಸ್ವಾಮಿ,” ಎಂದಳು ಚಿಕ್ಕಯ್ಯನ ಹೆಂಡತಿ ನೀಲಗಂಗಮ್ಮ.

ಡಾಕ್ಟರು ಬ್ಯಾಗಿನಿಂದ ಸೂಜಿ ತೆಗೆದರು. ನಿದ್ದೆಯಲ್ಲಿದ್ದಾಳೆ ಎಂದು ಎಲ್ಲರೂ ತಿಳಿದಿದ್ದ ಮಾದಮ್ಮ ಕಣ್ಣು ಬಿಟ್ಟಳು. ಕೈಯನ್ನು ಕಂಬಳಿಯೊಳಕ್ಕೆ ಎಳೆದುಕೊಂಡಳು.

“ಕುದ್ರೆ ಕುತ್ಗೆ ತಬ್ಕಂಡಿದ್ದೋಳು ನಾನೇ ಕಣ್ಲಾ. ಅದುಕ್ಕೂ ಇಂಗೇ ಅಂದ್ರು, ನೋವ್ ಓಯ್ತದೆ ಅಂತ.”

“ಅವ್ವ, ಇದು ಆ ಸೂಜಿ ಅಲ್ಲ ಕಣವ್ವ!”

“ನನ್ ಮುಟ್ಬ್ಯಾಡ.”

ಬಲವಂತವಾಗಿ ಚುಚ್ಚಲು ಡಾಕ್ಟರು ಒಪ್ಪಲಿಲ್ಲ. ಮಾತ್ರೆ ಕೊಟ್ಟರು. ಅದನ್ನೂ ಉಗಿದಳು. ಆಮೇಲೆ ಮಗ ತಂದ ಗಂಜಿಗೆ ಬಾಯಿಯನ್ನೇ ತೆರೆಯಲಿಲ್ಲ. ಸೊಸೆ ಮೊದಲು ತಾನೊಂದು ಗುಟುಕು ಕುಡಿದು ತೋರಿಸಿದರೆ ಮಾತ್ರ ಕುಡಿಯುತ್ತಿದ್ದಳು. ಡಾಕ್ಟರು ಮತ್ತೆ ಮತ್ತೆ ಬಂದರು. ಬ್ಯಾಗು ಕಂಡರೆ ಸಾಕು, ಕಿರುಚುತ್ತಿದ್ದಳು. ಮದ್ದು ಬ್ಯಾಗಿನಲ್ಲೇ ಉಳಿಯಿತು. ಮಾದಮ್ಮ ನರಳುತ್ತಲೇ ಸತ್ತಳು.

“ಅವ್ಳ ಸಂಕ್ಟ ನೋಡಕ್ಕಾಗ್ದೆ ಕೇಳ್ಬುಟ್ಟೆ ಸಾ,” ಎಂದು ಚಿಕ್ಕಯ್ಯ ಅತ್ತ.

“ನೋಡಕ್ಕಾಗ್ದೆ ಇದ್ದಿದ್ದು ನಿಂಗೆ. ನೋವು ಅವ್ರದು ಕಣಯ್ಯ,” ಎಂದರು ಡಾಕ್ಟರು.

ಚಿಕ್ಕಯ್ಯನಿಗೆ ಆಗ ಅರ್ಥವಾಯಿತು. ಅರ್ಥವಾಗಿ ಮಾದಮ್ಮನಿಗೇನು ಬಂತು?

ನಿಮ್ಮ ಮನೆಯಲ್ಲೂ ಯಾರಾದರೂ ಹಾಸಿಗೆ ಹಿಡಿದಿರಬಹುದು. ಡಾಕ್ಟರನ್ನು “ಕಳಿಸಿಬಿಡಿ” ಎಂದು ಕೇಳಬೇಡಿ, “ನೋವು ತಡೆಯಿರಿ” ಎಂದು ಕೇಳಿ. ವಾಸಿಯಾಗದ ಕಾಯಿಲೆಗೂ ನೋವಿನ ಮದ್ದು ಇದೆ. ಕಣ್ಣು ಮುಚ್ಚಿ ಮಲಗಿದವರ ಕಿವಿ ತೆರೆದೇ ಇರುತ್ತದೆ, ನೆನಪಿಡಿ. ಎಲ್ಲಕ್ಕಿಂತ ಮೊದಲು ಅವರ ಪಕ್ಕ ಕೂತು, “ಎಲ್ಲಿ ನೋಯ್ತದವ್ವ?” ಅಂತ ಅವರನ್ನೇ ಕೇಳಿ.

ಚಿಕ್ಕಯ್ಯ ಅದೊಂದನ್ನು ಕೇಳಿರಲೇ ಇಲ್ಲ.