ಬಾಂಗ್ಲಾದೇಶದ ಕೂಲಿ, ಹರಿಹರದ ಉಡಿ

ದಾವಣಗೆರೆಯ ಆನೆಕೊಂಡದ ಯಲ್ಲಕ್ಕನ ಮನೆಯಲ್ಲಿ ತಿಂಗಳ ಮೊದಲ ವಾರ ಹಾಲು ಹಾಲಿನಂತಿರುತ್ತದೆ. ಹದಿನೈದು ದಾಟಿತೆಂದರೆ ನೀರು ಸೇರುತ್ತದೆ. ತಿಂಗಳ ಕೊನೆಗೆ ದೊಡ್ಡವರಿಗೆ ಹಾಲಿಲ್ಲದ ಚಹಾ, ಮೊಮ್ಮಗಳು ಬಿಂದುವಿಗೆ ಮಾತ್ರ ಅರ್ಧ ಲೋಟ ಹಾಲು. ನಾಲ್ಕು ವರ್ಷದ ಆ ಮಗುವನ್ನು ಅಂಗನವಾಡಿಯಲ್ಲಿ ತೂಗಿದಾಗ ತೂಕ ಕಡಿಮೆ ಬಂತು. "ಹಾಲು, ಮೊಟ್ಟೆ ಚೆನ್ನಾಗಿ ಕೊಡ್ರಿ" ಎಂದರು ಟೀಚರಮ್ಮ. ಹೇಳುವುದೇನೋ ಸುಲಭ.

ಬಿಂದುವಿನ ತಾಯಿ ನೇತ್ರಾವತಿ ಸುಮ್ಮನೆ ಕೂತವಳಲ್ಲ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಾಳೆ. ಅಲ್ಲಿ ಶಿವಕುಮಾರ ಎಂಬುವವರ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಾಳೆ. ಆ ಅಂಗಿಗಳು ಹಡಗು ಹತ್ತಿ ಜರ್ಮನಿಗೆ ಹೋಗುತ್ತವೆ. ಅವಳ ಕೈಗೆ ಬರುವುದು ತಿಂಗಳಿಗೆ ಎಂಟು ಸಾವಿರ. ಗಂಡ ತಿಮ್ಮೇಶ್ ಹಮಾಲಿ. ಲೋಡು ಬಂದ ದಿನ ಕೂಲಿ ಉಂಟು, ಬರದ ದಿನ ಇಲ್ಲ.

ಈ ಶಿವಕುಮಾರರ ಹೆಂಡತಿ ಪ್ರತಿ ಶ್ರಾವಣದ ಒಂದು ಶುಕ್ರವಾರ ಕೆಲಸದ ಹೆಂಗಸರನ್ನು ಸಾಲಾಗಿ ಕೂಡಿಸಿ ಉಡಿ ತುಂಬುತ್ತಾರೆ. ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಪ್ಪಸದ ಬಟ್ಟೆ. "ನೀವೆಲ್ಲಾ ನಮ್ಮನಿ ಹೆಣ್ಮಕ್ಕಳು" ಎನ್ನುತ್ತಾರೆ. ಆ ಒಂದು ಮಾತಿಗೆ ನಮ್ಮ ಹೆಂಗಸರು ಬೆಣ್ಣೆಯಂತೆ ಕರಗುತ್ತಾರೆ. ಉಡಿ ತುಂಬಿದ ಮನೆಯೆಂದರೆ ತವರುಮನೆ, ತವರಿನಲ್ಲಿ ಕೂಲಿಯ ಮಾತು ಎತ್ತುವುದು ಹೇಗೆ? ಹೀಗೆ ಅಂದುಕೊಂಡೇ ವರ್ಷಗಟ್ಟಲೆ ಬಾಯಿ ಮುಚ್ಚಿ ಹೊಲಿದರು. ನನಗಂತೂ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಮಗುವಿನ ತೂಕದ ಮಾತು ಕೇಳಿದ ಮೇಲೆ ನೇತ್ರಾವತಿ ಧೈರ್ಯ ಮಾಡಿ ಶಿವಕುಮಾರರ ಮುಂದೆ ನಿಂತಳು.

"ಸಾರ್, ಮಗೀಗೆ ಹಾಲಿಗೂ ಸಾಲ್ತಿಲ್ಲ. ಸಂಬಳ ಸ್ವಲ್ಪ ಹೆಚ್ಚು ಮಾಡ್ರಿ."

"ನೋಡಮ್ಮ, ಬಾಂಗ್ಲಾದೇಶದಾಗೆ ಇದೇ ಕಾಲರ್‌ನ ನಿನಗಿಂತ ಕಡಿಮೆಗೆ ಹೊಲಿತಾರೆ. ನೀವು ಜಾಸ್ತಿ ಕೇಳಿದ್ರೆ ಆರ್ಡರ್ ಅಲ್ಲಿಗೆ ಹೋಗ್ತೈತೆ. ಆಮೇಲೆ ಈ ಎಂಟು ಸಾವಿರನೂ ಇಲ್ಲ, ತಿಳ್ಕಾ."

ನೇತ್ರಾವತಿ ತಲೆ ತಗ್ಗಿಸಿ ಮನೆಗೆ ಬಂದಳು. ಸಂಜೆ ಪಕ್ಕದ ಬೀದಿಯ ದಿಲ್ಷಾದ್ ಬೇಗಂ ಸ್ವಸಹಾಯ ಸಂಘದ ಸಭೆಗೆ ಕರೆಯಲು ಬಂದರು. ಅವರು ಕಾನೂನು ಸೇವಾ ಪ್ರಾಧಿಕಾರದಲ್ಲಿ ತರಬೇತಿ ಪಡೆದ ಸ್ವಯಂಸೇವಕಿ. ನೇತ್ರಾವತಿಯ ಮುಖ ನೋಡಿ ಏನಾಯಿತೆಂದು ಕೇಳಿದರು. ಬಾಂಗ್ಲಾದೇಶದ ಮಾತು ಬಂದದ್ದೇ ತಡ, ಸೆರಗು ಬಿಗಿದು ಹೊಸ್ತಿಲ ಮೇಲೆ ಕೂತೇಬಿಟ್ಟರು.

"ಹೌದಾ? ಅವರ ಬಾಂಗ್ಲಾದೇಶನೇ ಮೊದಲು ನೋಡಾಣ. ಬಟ್ಟೆ ಹೊಲಿಯೋರಿಗೆ ಇಷ್ಟಕ್ಕಿಂತ ಕಡಿಮೆ ಕೊಡಂಗಿಲ್ಲ ಅಂತ ಅಲ್ಲಿ ಸರ್ಕಾರ ಇಟ್ಟಿರೋದು ತಿಂಗಳಿಗೆ ಹನ್ನೆರಡೂವರೆ ಸಾವಿರ ಟಾಕಾ. ನಮ್ಮ ದುಡ್ಡಿನಾಗೆ ಒಂಬತ್ತು ಸಾವಿರದ ಹತ್ರ ಬರ್ತೈತೆ. ಅದೂ ಸಾಲಲ್ಲ ಅಂತ ಆ ಹೆಣ್ಮಕ್ಕಳು ಬೀದಿಗೆ ಇಳಿದಿದ್ರು. ನಿನಗೆಷ್ಟು?"

"ಎಂಟು, ಆಪಾ."

"ಮತ್ತೆ? ಅವರಿಗಿಂತ ನೀನೇ ಅಗ್ಗ! ಅವರ ಹೆಸರು ಹೇಳಿ ನಿನ್ನ ಹೆದರಿಸ್ತಾರಲ್ಲ, ನಾಚಿಕೆ ಆಗ್ಬಾರ್ದಾ? ಬಟ್ಟೆ ಹೊಲಿಯೋರಿಗೆ ನಮ್ಮ ರಾಜ್ಯದಾಗೆ ಇಟ್ಟಿರೋ ಕನಿಷ್ಠ ವೇತನ ಅದಕ್ಕಿಂತಲೂ ಜಾಸ್ತಿ ಐತೆ. ಯಾರೂ ನಿನಗೆ ಹೇಳಿಲ್ಲ, ಅಷ್ಟೆ."

ಯಲ್ಲಕ್ಕ ಒಳಗಿನಿಂದ ಮೊರ ಹಿಡಿದೇ ಬಂದಳು. ಅವಳಿಗೆ ಈ ಮಾತು ಹಿಡಿಸಲಿಲ್ಲ.

"ಏ ದಿಲ್ಷಾದ್, ನನ್ನ ಸೊಸಿ ತಲಿ ಕೆಡಿಸಬ್ಯಾಡ. ಆ ದೇಶ ಈ ದೇಶದ ಉಸಾಬರಿ ನಮಗ್ಯಾಕ? ನಾಳೆ ಕೆಲ್ಸ ಹೋದ್ರೆ ನೀ ಕೊಡ್ತೀಯೇನು?"

"ಯಲ್ಲಕ್ಕ, ಈ ಅಂಗಿ ಹಾಕ್ಕಂಡು ಓಡಾಡೋದು ಜರ್ಮನಿಯೋರು. ಅಲ್ಲಿ ಕಸ ಗುಡಿಸೋರಿಗೂ ಕಾನೂನಿನ ಪ್ರಕಾರ ಗಂಟೆಗೆ ಸಾವಿರ ರೂಪಾಯಿ ಮೇಲೆ ಐತೆ."

"ಅಲ್ಲಿ ಒಂದು ಚಾ ಕುಡಿಯಾಕೆ ಮುನ್ನೂರು ಬೇಕಂತೆ! ಟೀವಿಯಾಗೆ ನಾನೂ ನೋಡೀನಿ."

"ಸರಿಯಾಗಿ ಕೇಳಿದ್ರಿ. ಬರೀ ದುಡ್ಡಿಗೆ ದುಡ್ಡು ಹೋಲಿಸಿದ್ರೆ ತಪ್ಪಾಗ್ತೈತೆ. ಅದಕ್ಕೇ ಹಾಲಿನ ಲೆಕ್ಕ ಹಾಕಾಣ. ಒಂದು ಲೀಟರ್ ಹಾಲು ತಗಳಾಕೆ ಅಲ್ಲಿನೋರು ಐದಾರು ನಿಮಿಷ ದುಡಿದ್ರೆ ಆಯ್ತು. ನಿಮ್ಮ ಸೊಸಿ ಒಂದು ಗಂಟೆ ಪೂರ್ತಿ ಬೆನ್ನು ಬಗ್ಗಿಸಿ ಹೊಲಿದ್ರೂ ಒಂದು ಲೀಟರ್ ಹಾಲು ಬರಲ್ಲ."

ಯಲ್ಲಕ್ಕ ಮೊರ ಕೆಳಗಿಟ್ಟಳು. ಹಾಲಿಗೆ ನೀರು ಬೆರೆಸುವುದು ಅವಳ ಕೈಯೇ. ಆ ಲೆಕ್ಕ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಮೆಲ್ಲಗೆ ಗೊಣಗಿದಳು.

"ಅವರು ಉಡಿ ತುಂಬಿದೋರವ್ವ. ತವರು ಇದ್ದಂಗೆ."

"ಯಾವ ತವರಾಗೆ ಮಗಳ ಪಾಲು ಹಿಡ್ಕಂಡು ಕುಪ್ಪಸದ ಬಟ್ಟೆ ಕೊಟ್ಟು ಕಳಿಸ್ತಾರೆ, ಹೇಳ್ರಿ? ಉಡಿ ಅವರ ಖುಷಿ. ಕೂಲಿ ಇವಳ ಹಕ್ಕು. ಸೀರೆ, ಊಟ, ಉಡಿ ಯಾವುದನ್ನೂ ಕೂಲಿಗೆ ಜಮಾ ಮಾಡಂಗಿಲ್ಲ. ಕಡಿಮೆಗೆ ಒಪ್ಕಂಡೀನಿ ಅಂತ ಇವಳು ಸಹಿ ಹಾಕಿಕೊಟ್ರೂ ಕಾನೂನಿನ ಮುಂದೆ ಅದು ನಡೆಯಲ್ಲ."

ಯಲ್ಲಕ್ಕ ಬಿಂದುವನ್ನು ಎತ್ತಿಕೊಂಡು ಒಳಗೆ ಹೋದಳು.

ಆ ವಾರವೇ ಉಡಿ ತುಂಬುವ ಶುಕ್ರವಾರ ಬಂತು. ಕೆಲಸದವರ ಮನೆಯ ಹಿರಿಯ ಹೆಂಗಸರಿಗೂ ಕರೆ ಇತ್ತು, ಯಲ್ಲಕ್ಕನೂ ಸೊಸೆಯ ಜೊತೆ ಹರಿಹರಕ್ಕೆ ಹೋದಳು. ಶಿವಕುಮಾರರ ಹೆಂಡತಿ ಸಾಲಿನ ಮೊದಲಿಗೆ ಕೂತ ನೇತ್ರಾವತಿಯ ಮುಂದೆ ಬಂದು ನಿಂತರು. ಅವಳು ಸೆರಗು ಒಡ್ಡಲಿಲ್ಲ. ಮುತ್ತೈದೆ ಉಡಿ ಬೇಡ ಎನ್ನುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ನೇತ್ರಾವತಿ ಅತ್ತೆಯ ಕಡೆ ತಿರುಗಿ ನೋಡಿದಳು.

ಆಗ ಎದ್ದು ನಿಂತವಳು ಯಲ್ಲಕ್ಕ.

"ತಾಯಿ, ಉಡಿ ಬ್ಯಾಡ ಅನ್ನಾಕೆ ನನಗೂ ಸಂಕಟ ಆಗ್ತೈತೆ. ಆದ್ರೆ ನಮ್ಮನಿ ಮಗಳು ಅಂತೀರಲ್ಲ, ಮಗಳ ದುಡಿಮಿ ತಿಂತಾರೇನ್ರಿ? ಇವಳ ಕೂಸು ನೀರು ಹಾಲು ಕುಡಿದು ಸೊರಗೈತೆ. ಸರ್ಕಾರ ಇಟ್ಟಿರೋ ಕೂಲಿ ಕೊಡ್ರಿ. ಕೊಟ್ಟ ದಿನ ನಾನೇ ಬಂದು ಉಡಿ ಒಡ್ತೀನಿ."

"ಇಷ್ಟವಿಲ್ಲದೋರು ಹೋಗಬಹುದು, ಬಾಗಿಲು ತೆಗೆದೈತೆ!" ಎಂದು ಶಿವಕುಮಾರರು ಕೂಗಾಡಿದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅತ್ತು ಎದ್ದವರೂ ಇದ್ದರು. ಯಾರೂ ಉಡಿ ತುಂಬಿಸಿಕೊಳ್ಳಲಿಲ್ಲ.

ಸೋಮವಾರ ದಿಲ್ಷಾದ್ ಬೇಗಂ ಜೊತೆ ಎಲ್ಲರೂ ದಾವಣಗೆರೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ದೂರು ಕೊಟ್ಟರು. ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿಯಾಯಿತು. ಅಧಿಕಾರಿಗಳು ಬಂದು ವಿಚಾರಣೆ ಮಾಡಿದ ಮೇಲೆ ಶಿವಕುಮಾರರು ಸರ್ಕಾರಿ ದರ ಕೊಡಲು ಒಪ್ಪಬೇಕಾಯಿತು. ಆರ್ಡರ್ ಬಾಂಗ್ಲಾದೇಶಕ್ಕೆ ಹೋಗಲಿಲ್ಲ, ಗಾರ್ಮೆಂಟ್ಸಿನ ಬಾಗಿಲೂ ಮುಚ್ಚಲಿಲ್ಲ. ಇಷ್ಟು ದಿನ ಕಡಿಮೆ ಕೊಟ್ಟ ಕೂಲಿಯ ಬಾಕಿ ಇನ್ನೂ ಪೂರ್ತಿ ಬಂದಿಲ್ಲ. ಅದಕ್ಕಾಗಿ ಯಲ್ಲಕ್ಕನೇ ಸೊಸೆಯನ್ನು ಹೊರಡಿಸಿಕೊಂಡು ಕಚೇರಿಗೆ ಹೋಗುತ್ತಾಳೆ.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಕೆಲಸಕ್ಕೆ ಈ ವರ್ಷ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಎಷ್ಟು, ಗೊತ್ತೇ? ತುಟ್ಟಿಭತ್ಯೆ ಸೇರಿ ಆ ದರ ಬದಲಾಗುತ್ತಿರುತ್ತದೆ. ಹತ್ತಿರದ ಕಾರ್ಮಿಕ ಕಚೇರಿಗೆ ಹೋಗಿ ವಿಚಾರಿಸಿ. ದಿನಗೂಲಿಯಾಗಲಿ, ಪೀಸಿಗಿಷ್ಟು ಎಂದು ಕೊಡುವ ಕೂಲಿಯಾಗಲಿ, ಆ ಕನಿಷ್ಠ ದರ ನಿಮಗೂ ಸೇರಿದ್ದು. ದುಡ್ಡಿಲ್ಲದೆ ಕಾನೂನು ನೆರವು ಬೇಕೆಂದರೆ 15100ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗಲು ಭಯವಾದರೆ ಸಂಘದವರನ್ನೆಲ್ಲ ಕರೆದುಕೊಂಡು ಹೋಗಿ. ಇನ್ನೊಂದು ದೇಶದ ಬಡವರನ್ನು ತೋರಿಸಿ ನಿಮ್ಮನ್ನು ಹೆದರಿಸಿದರೆ, ಅವರಿಗೆ ಎಷ್ಟು ಸಿಗುತ್ತದೆ ಎಂದು ತಿರುಗಿ ಕೇಳಿ. ನಾಚಬೇಕಾದವರು ನಿಮ್ಮ ದುಡಿಮೆ ತಿಂದವರು. ನೀವು ಯಾಕೆ ತಲೆ ತಗ್ಗಿಸುತ್ತೀರಿ?