ಬೇಳೆ ಬೇಯುವ ನೀರು

ಕಮಲಾಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ವಾರಕ್ಕೆ ಎರಡು ದಿನ ಸೂಗಮ್ಮನ ಕಾಲ ಬಳಿ ಐದು ಲೀಟರಿನ ಕ್ಯಾನೊಂದು ಇರುತ್ತದೆ. ಅದರಲ್ಲಿರುವುದು ಬರೀ ಬಾವಿ ನೀರು. ಕಂಡಕ್ಟರ್ ಇಮಾಮುದ್ದೀನ್ ಮೊದಮೊದಲು, "ಏನಬೇ, ಕಲಬುರಗ್ಯಾಗ ನೀರು ಸಿಗಂಗಿಲ್ಲೇನು?" ಎಂದು ಚೇಷ್ಟೆ ಮಾಡುತ್ತಿದ್ದ. ಅವಳ ಮಗಳು ಮಹಾನಂದಾಳ ಎರಡೂ ಕಿಡ್ನಿ ಕೈಕೊಟ್ಟಿವೆ, ಜಗತ್ ವೃತ್ತದ ಹತ್ತಿರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆದಿದೆ ಎಂದು ಗೊತ್ತಾದ ಮೇಲೆ ಕ್ಯಾನು ಇಳಿಸಲು ತಾನೇ ಕೈ ಹಚ್ಚುತ್ತಾನೆ.

ಐದು ಲೀಟರ್ ಹೊತ್ತು ತಂದರೂ ಮಹಾನಂದಾ ಕುಡಿಯುವುದು ಅರ್ಧ ಲೋಟ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಗೆರೆ ಎಳೆದಿದ್ದಾರೆ. ಉಳಿದದ್ದನ್ನು, ಚಿಕಿತ್ಸೆಗೆಂದು ಊರು ಬಿಟ್ಟು ಬಂದು ಹಿಡಿದ ಗಾಜಿಪುರದ ಬಾಡಿಗೆ ಕೋಣೆಯಲ್ಲಿ ಅಳಿಯ ಮೌನೇಶ, ಮೊಮ್ಮಗಳು ಸೃಷ್ಟಿ ಕುಡಿಯುತ್ತಾರೆ. ಇದೆಲ್ಲ ಸೂಗಮ್ಮನಿಗೆ ಗೊತ್ತಿಲ್ಲವೆಂದಲ್ಲ. ಆದರೆ ನೀರು ಹೊರದೆ ಬಂದ ದಿನ ಅವಳಿಗೆ ಊಟ ಸೇರುವುದಿಲ್ಲ. ಯಾಕೆಂದು ಹೇಳಬೇಕಾದರೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು.

ಸೂಗಮ್ಮನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಕೊಡುವ ಮೊದಲು ಹೊಲ, ದನ, ಮಾಳಿಗೆಗಳನ್ನು ಗಂಡಸರು ನೋಡಿಕೊಳ್ಳಲಿ, ನೀರನ್ನು ಮಾತ್ರ ಹೆಣ್ಣಿನ ತಾಯಿಯೇ ನೋಡಬೇಕು. ಮನೆಯಿಂದ ಒಂದು ಹಿಡಿ ತೊಗರಿ ಬೇಳೆ ಒಯ್ದು, ಗಂಡಿನ ಮನೆಯ ನೀರಿನಲ್ಲಿ, ಅವರ ಒಲೆಯ ಮೇಲೆಯೇ ಬೇಯಲಿಡಬೇಕು. ಬೆಂದರೆ ಮುಂದಿನ ಮಾತು. ಬೇಯದಿದ್ದರೆ ಕೈಮುಗಿದು ಎದ್ದು ಬರುವುದು. ಹಿರಿಯರು ಊರು ಕಟ್ಟುವಾಗಲೂ ಹೀಗೇ ಬೇಳೆ ಬೇಯಿಸಿ ನೋಡಿಯೇ ಕಮಲಾಪುರದಲ್ಲಿ ಗುದ್ದಲಿ ಹಾಕಿದರೆಂದು ಅವಳ ಅತ್ತೆ ಹೇಳುತ್ತಿದ್ದಳು. ಕೆಂಪು ಬಾಳೆ ಬೆಳೆಯುವ ಅಲ್ಲಿನ ಕೆಂಪು ನೆಲದ ನೀರು ಸಿಹಿ. ಇಳಿಜಾರು ಇಳಿದು ಕರಿ ನೆಲಕ್ಕೆ ಹೋದರೆ ಹಲವು ಊರುಗಳಲ್ಲಿ ಸವಳು. ತೊಗರಿಗೆ ಹೇಳಿ ಮಾಡಿಸಿದ ನೆಲ ಅದು, ಆದರೆ ಆ ತೊಗರಿಯನ್ನು ಬೇಯಿಸುವ ನೀರನ್ನು ಅಲ್ಲಿಡಲು ದೇವರು ಮರೆತ.

ಮಹಾನಂದಾಳಿಗೆ ಬಂದ ಮೊದಲ ಎರಡು ಸಂಬಂಧ ಬೇಳೆ ಬೇಯದೆ ಮುರಿದವು. ಊರ ಹೆಂಗಸರು ಬಿಡುತ್ತಾರೆಯೇ? "ಸೂಗವ್ವನ ಬ್ಯಾಳಿ ಎಲ್ಲೂ ಬೇಯಂಗಿಲ್ಲ" ಎಂದು ಬಾವಿಕಟ್ಟೆಯಲ್ಲಿ ನಗಾಡಿದರು. ಮಗಳಿಗೆ ಇಪ್ಪತ್ಮೂರು ತುಂಬಿತು. ಮೂರನೆಯದು ಮೌನೇಶನ ಮನೆ. ಹನ್ನೆರಡು ಎಕರೆ ಕರಿ ಹೊಲ, ತಲೆ ಎತ್ತಿ ಮಾತಾಡದ ಹುಡುಗ. ಪಡಸಾಲೆಯಲ್ಲಿ ಗಂಡ ಅಣವೀರಪ್ಪ ಆಗಲೇ ಬೀಗರ ಜೊತೆ ನಗುತ್ತ ಕೂತಿದ್ದ. ಒಳಗೆ ಒಂದು ತಾಸಾದರೂ ಬೇಳೆ ಮಾತ್ರ ಕಲ್ಲಿನಂತೆ ಕುದಿಯುತ್ತಿತ್ತು. ಹುಡುಗನ ತಾಯಿ ಚಹಾ ಕೊಡಲು ಹೊರಗೆ ಹೋದಳು. ಒಲೆಯ ಮೇಲಿನ ಗೂಡಿನಲ್ಲಿ ಸೋಡಾಪುಡಿಯ ಡಬ್ಬಿ ಇತ್ತು. ಸವಳು ನೀರಿನ ಊರಲ್ಲಿ ಅದಿಲ್ಲದ ಅಡುಗೆಮನೆ ಇರುವುದಿಲ್ಲ. ಸೂಗಮ್ಮ ಒಂದು ಚಿಟಿಕೆ ತೆಗೆದು ಪಾತ್ರೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಬೇಳೆ ಬೆಣ್ಣೆಯಾಯಿತು.

ಅಣವೀರಪ್ಪ ಇದನ್ನು ತಿಳಿಯದೆಯೇ ತೀರಿಕೊಂಡ. ಕಿಡ್ನಿ ಕೆಟ್ಟಾಗ ಡಾಕ್ಟರು, "ನೀರಿನಿಂದಲೇ ಆಯಿತೆಂದು ಹೇಳಲಾಗದು, ಕಾರಣ ಹತ್ತಿರುತ್ತವೆ" ಎಂದರು. ಸೂಗಮ್ಮನ ಎದೆ ಡಾಕ್ಟರ ಮಾತು ಕೇಳಲಿಲ್ಲ. ಆ ಒಂದು ಚಿಟಿಕೆ ಅಲ್ಲೇ ಕೂತಿತ್ತು.

ಹೋದ ಗುರುವಾರ ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಹಾನಂದಾ ಉಬ್ಬಿದ ಮುಖದಲ್ಲೇ ನಕ್ಕಳು.

"ಯವ್ವಾ, ಸೃಷ್ಟಿಗಿ ಒಂದು ಸಂಬಂಧ ಬಂದದ. ಇಲ್ಲೇ ಊರ ಹೊರಗ, ಹೊಸ ಬಡಾವಣ್ಯಾಗ ಮನಿ ಕಟ್ಯಾರ. ಹುಡುಗ ಛಲೋ ಇದ್ದಾನ, ಆಕಿಗೂ ಮನಸ್ಸದ. ನಾ ಕಣ್ಣು ಮುಚ್ಚೋದರಾಗ ಆಕಿ ಮದುವ್ಯಾಗ ಅಕ್ಕಿಕಾಳು ಹಾಕಬೇಕಂತ ಆಸೆ ಅದ."

"ಆಗಲಿ ಬಿಡವ್ವ. ಛಲೋ ಆತು."

"ಸೋಮವಾರ ನೀ ಹೋಗಿ ನೀರು ನೋಡಿ ಬಾ."

ಸೂಗಮ್ಮ ಕೈಯಲ್ಲಿದ್ದ ನೀರಿನ ಲೋಟವನ್ನು ಪಕ್ಕಕ್ಕಿಟ್ಟಳು. "ಈಗ ಯಾರು ನೀರು ನೋಡ್ತಾರ? ಎಲ್ಲಾರ ಮನ್ಯಾಗ ಫಿಲ್ಟರ್ ಬಂದಾವ."

"ನೀ ನೋಡು. ನಿನ್ನ ಮಾತಿನ ಮ್ಯಾಲೆ ನಾ ಹೂಂ ಅಂತೀನಿ."

ಇನ್ನು ತಡೆಯಲಾಗಲಿಲ್ಲ. ಸೂಗಮ್ಮ ಹಾಸಿಗೆಯ ಕಬ್ಬಿಣ ಹಿಡಿದುಕೊಂಡು, ಪಕ್ಕದ ರೋಗಿಗಳಿದ್ದಾರೆ ಎಂಬುದನ್ನೂ ಮರೆತು ಹೇಳಿಬಿಟ್ಟಳು. "ನನ್ನ ಮಾತು ನಂಬಬ್ಯಾಡ ಮಾನಂದಾ. ನಿನ್ನ ಮನಿ ಬ್ಯಾಳಿ ಬೆಂದಿದ್ದಿಲ್ಲ. ನಾ ಸೋಡಾ ಹಾಕಿದ್ದೆ. ಈ ಹಾಸಿಗಿ ನಿನಗ ನಾನೇ ಹಾಸಿಕೊಟ್ಟೀನಿ."

ಮಗಳು ಬೆಚ್ಚುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದಳು. ಮಹಾನಂದಾ ಕೊಳವೆ ಚುಚ್ಚಿದ ತನ್ನ ಕೈಯನ್ನೇ ನೋಡಿದಳು.

"ನನಗ ಗೊತ್ತದ."

"ಏನು?"

"ಮದುವಿ ಆದ ಮೂರನೇ ದಿನ ನಾ ಬ್ಯಾಳಿ ಇಟ್ಟೆ. ಎರಡು ತಾಸಾದ್ರೂ ಬೇಯಲಿಲ್ಲ. ನಮ್ಮತ್ತಿ ಬಂದು, 'ನಿಮ್ಮವ್ವನ ಕೈಯಾಗ ಬೆಂದದ್ದು ನಿನ್ನ ಕೈಯಾಗ ಯಾಕ ಬೇಯವಲ್ದು?' ಅಂತ ಕೇಳಿ ಸೋಡಾದ ಡಬ್ಬಿ ಮುಂದ ಇಟ್ಟಳು. ತನ್ನ ಬಾವಿ ಆಕಿಗಿ ಗೊತ್ತಿರಂಗಿಲ್ಲೇನು?"

"ಮತ್ತ ಇಷ್ಟು ವರ್ಷ ನನ್ನ ಯಾಕ ಕೇಳಲಿಲ್ಲವ್ವ?"

"ದೀಪಾವಳಿಗಿ ಕರೀಲಿಕ್ಕಿ ಬಂದಿದ್ದಿ. ಮನಿ ತುಂಬ ಓಡಾಡಿ, ನನ್ನ ಮಗಳು ಸುಖದಾಗ ಇದ್ದಾಳ ಅಂತ ಸಂತೋಷಪಟ್ಟಿ. ಆವತ್ತ ಬಾಯಿ ಬರಲಿಲ್ಲ. ಆಮ್ಯಾಲೆ ರೂಢಿ ಆತು." ಅವಳು ಲೋಟಕ್ಕೆ ಕೈ ಚಾಚಿದಳು. "ಕೊಡು, ಇವತ್ತಿಂದು ಇನ್ನೊಂದು ಗುಟುಕು ಅದ."

ಕಮಲಾಪುರದ ಆ ಗುಟುಕನ್ನು ಮಹಾನಂದಾ ನುಂಗದೆ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಸೂಗಮ್ಮ ಸೆರಗು ಬಾಯಿಗೆ ಒತ್ತಿ ಅತ್ತಳು. ಹೊರಡುವಾಗ ಮಗಳು ಒಂದೇ ಮಾತು ಹೇಳಿದಳು. "ಸೋಮವಾರ ಹೋಗು. ಸೋಡಾ ಎಲ್ಲಿ ಇರ್ತದಂತ ನಿನಗೇ ಗೊತ್ತು."

ಹೊಸ ಬಡಾವಣೆಯ ಮನೆ ಚಂದವಿತ್ತು. ಬೋರ್‌ವೆಲ್ಲಿನ ನಲ್ಲಿ ಮಾತ್ರ ಬೆಳ್ಳಗೆ ಉಪ್ಪುಗಟ್ಟಿತ್ತು. ಮೌನೇಶ ಹೊರಗೆ ಹುಡುಗನ ತಂದೆಯ ಜೊತೆ ಕೂತ. ಹುಡುಗನ ತಾಯಿ ಒಳ್ಳೆಯ ಹೆಣ್ಣುಮಗಳು. ಮುದುಕಿಯ ಪದ್ಧತಿಗೆ ನಗಲಿಲ್ಲ.

"ಕುಕ್ಕರಿನ್ಯಾಗ ಇಟ್ಟರ ನಾಕು ಸೀಟಿಗಿ ಆಗ್ತದರಿ."

"ಬ್ಯಾಡ್ರಿ, ಪಾತೇಲಿ ಕೊಡ್ರಿ. ಈ ನಲ್ಲಿ ನೀರೇ ಇರಲಿ."

ಒಂದು ತಾಸಾಯಿತು. ಬೇಳೆ ಕುದಿಯಿತು, ಹೊರಳಿತು, ಒಡೆಯಲಿಲ್ಲ. ಆಕೆ ಚಹಾದ ತಟ್ಟೆ ಹಿಡಿದು ಹೊರಗೆ ಹೋದಳು. ಸೂಗಮ್ಮ ತಲೆ ಎತ್ತಿದಳು. ಗ್ಯಾಸ್ ಒಲೆಯ ಪಕ್ಕದ ಹಲಗೆಯ ಮೇಲೆ, ಉಪ್ಪಿನ ಡಬ್ಬಿಯ ಹಿಂದೆ, ಸೋಡಾ ಇತ್ತು. ಹುಡುಗ ಒಳ್ಳೆಯವನು. ಸೃಷ್ಟಿಗೆ ಮನಸ್ಸಿದೆ. ಮಹಾನಂದಾಳಿಗೆ ಎಷ್ಟು ದಿನ ಉಳಿದಿವೆಯೋ ಯಾರಿಗೆ ಗೊತ್ತು? ಒಂದು ಚಿಟಿಕೆ ಹಾಕಿದರೆ ಅವಳು ಅಕ್ಕಿಕಾಳು ಹಾಕಿಯೇ ಹೋಗುತ್ತಾಳೆ. ಸುಳ್ಳು ಯಾಕೆ ಹೇಳಬೇಕು, ಮುದುಕಿಯ ಕೈ ಹಲಗೆಯವರೆಗೂ ಹೋಯಿತು.

ಆಮೇಲೆ ಅವಳು ಒಲೆ ಆರಿಸಿ, ಪಾತೇಲಿಯನ್ನು ಸೆರಗಿನಲ್ಲಿ ಹಿಡಿದು ಪಡಸಾಲೆಗೆ ತಂದು ಎಲ್ಲರ ನಡುವೆ ಇಟ್ಟಳು.

"ಬೇಯಲಿಲ್ಲರಿ," ಎಂದು ಕೈಮುಗಿದಳು.

ಸಂಬಂಧದ ಮಾತು ಅಲ್ಲಿಗೇ ಮುರಿಯಿತು. ಹುಡುಗನ ತಂದೆ ಮುಖ ಗಂಟಿಕ್ಕಿದ. ಮೌನೇಶ ಆಟೋದಲ್ಲಿ ಅತ್ತೆಯ ಕಡೆ ನೋಡದೆ, ಹೆಂಡತಿಗೆ ಫೋನ್ ಹಚ್ಚಿ ಸೂಗಮ್ಮನ ಕೈಗೆ ಕೊಟ್ಟ. ಮಹಾನಂದಾ ಆಗಲೇ ಯಂತ್ರದ ಮೇಲಿದ್ದಳು, ಅದರ ಗುಂಯ್ ಎಂಬ ಸದ್ದು ಕೇಳುತ್ತಿತ್ತು.

"ಬೇಯಲಿಲ್ಲವ್ವ. ಬೇಯಲಿಲ್ಲಂತ ಹೇಳಿ ಬಂದೆ," ಎಂದಳು ಸೂಗಮ್ಮ.

"ಛಲೋ ಮಾಡಿದಿ." ಆಮೇಲೆ ಮಹಾನಂದಾ, ಸಿಟ್ಟಿಲ್ಲದೆ, ಸಣ್ಣ ಹುಡುಗಿಯ ದನಿಯಲ್ಲಿ ಹೇಳಿದಳು.

"ಆವತ್ತೂ ಇಷ್ಟೇ ಅಂದಿದ್ದರ ಆಗ್ತಿತ್ತಲ್ಲ ಯವ್ವಾ."