ಅಜ್ಜಿ ಗಾಡಿ, ಸೊಸೆ ಗಾಡಿ

ಹೊಸ ಫೈರ್ ಟ್ರಕ್ಕು ಮತ್ತೆ ನಡುರಸ್ತೆಯಲ್ಲಿ ತನ್ನಷ್ಟಕ್ಕೆ ತಾನೇ ಬ್ರೇಕ್ ಹಾಕಿಕೊಂಡು ನಿಂತಾಗ ಮೋಹಿನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದಳು. ಪಕ್ಕದ ಸೀಟಿನಲ್ಲಿದ್ದ ಚೀಫ್ ಹೆಕ್ಟರನಿಗೆ ತಿಳಿಯಬಾರದೆಂದು ತುಳುವಿನಲ್ಲಿ ಬೈದಳು. ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಬಲಕ್ಕೆ ಸಮುದ್ರ, ಎಡಕ್ಕೆ ಟ್ಯಾಕೋ ತಿಂಡಿಯ ಅಂಗಡಿ, ಮುಂದೆ ಖಾಲಿ ರಸ್ತೆ. ಆದರೂ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಹಳದಿ ದೀಪ ಹೊತ್ತಿಸಿಕೊಂಡು, ಮುಂದೆ ಏನೋ ಅಡ್ಡ ಇದೆ ಎಂದು ಗಾಡಿ ಹಠ ಹಿಡಿದಿತ್ತು.

ಹೆಕ್ಟರ್ ಇಳಿದು ವಿಂಡ್‌ಶೀಲ್ಡನ್ನು ಒರೆಸಿದ. ಪ್ರತಿ ಸಲವೂ ಅವನು ಮಾಡುತ್ತಿದ್ದುದು ಅದನ್ನೇ. ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರ್ ಇರುವುದು ಅಲ್ಲೇ ಎಂದು ಸ್ಟೇಷನ್ನಿನ ಎಲ್ಲರೂ ನಂಬಿದ್ದರು. ಗಾಡಿ ಕೊಟ್ಟವರು ಅರ್ಧ ದಿನದಲ್ಲಿ ಟ್ರೇನಿಂಗ್ ಮುಗಿಸಿ ಕೈತೊಳೆದುಕೊಂಡು ಹೋಗಿದ್ದರು. ಒರೆಸಿದ್ದರಿಂದ ಎಂದಿನಂತೆ ಏನೂ ಆಗಲಿಲ್ಲ.

ಸೀಲ್ ಪಾಯಿಂಟ್ ಎಂಬುದು ಸ್ಯಾನ್ ಡಿಯಾಗೋದಿಂದ ಸ್ವಲ್ಪ ಉತ್ತರಕ್ಕೆ, ಸಮುದ್ರಕ್ಕೆ ಅಂಟಿಕೊಂಡಿರುವ ಪುಟ್ಟ ಊರು. ಅಲ್ಲಿನ ಬೆಂಕಿ ನಂದಿಸುವವರೆಲ್ಲ ವಾಲಂಟಿಯರ್‌ಗಳು: ಒಬ್ಬ ಸರ್ಫ್‌ಬೋರ್ಡ್ ಅಂಗಡಿಯವನು, ಒಬ್ಬಳು ನಿವೃತ್ತ ಟೀಚರ್, ಹೀಗೆ. ಉಡುಪಿ ಕಡೆಯ ಮೋಹಿನಿ ಹಗಲು ಫಿಸಿಯೋಥೆರಪಿಸ್ಟ್, ಸೈರನ್ ಕೂಗಿದರೆ ಡ್ರೈವರ್. ಸ್ಟೇಷನ್ನಿನ ಗೋಡೆಯ ಮೇಲೆ ಹಿಂದಿನ ಗಾಡಿಗಳ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಮೊದಲನೆಯದು ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಕೈಬಿಟ್ಟ ಲಾರಿ, ಆಮೇಲೆ ಒಂದು ಬೋಳುತಲೆಯ ಟ್ಯಾಂಕರ್. ಅವುಗಳ ನಂತರ ಬಂದ, ಎಪ್ಪತ್ತರ ದಶಕದ ಕೆಂಪು ಗಾಡಿ ಮಾತ್ರ ಇನ್ನೂ ಶೆಡ್ಡಿನಲ್ಲಿತ್ತು. ಮೋಹಿನಿ ಅದನ್ನು ಅಜ್ಜಿ ಎಂದು ಕರೆದಳು. ಈಗ ಹೆಕ್ಟರ್ ಕೂಡ ಅದನ್ನು ಹಾಗೆಯೇ ಕರೆಯುತ್ತಿದ್ದ.

ಕೋವಿಡ್‌ನ ಮೊದಲ ವರ್ಷ ಮಕ್ಕಳ ಹುಟ್ಟುಹಬ್ಬಕ್ಕೆ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಆಗ ಈ ಅಜ್ಜಿ ಬೀದಿ ಬೀದಿಗೆ ಬಂದು ಸೈರನ್ ಹಾಕಿ, ಬಲೂನು ಕಟ್ಟಿಕೊಂಡು ಮನೆಗಳ ಮುಂದೆ ಹಾದು ಹೋಗುತ್ತಿತ್ತು. ಮಗಳು ರಕ್ಷಿತಾಳ ಹುಟ್ಟುಹಬ್ಬಕ್ಕೂ ಬಂತು. ತಿಂಗಳುಗಟ್ಟಲೆ ಮುಖ ಸಿಂಡರಿಸಿಕೊಂಡು ಕೂತಿದ್ದ ಹುಡುಗಿ ಅಂಗಳದಲ್ಲಿ ಕುಣಿದಾಡಿದ್ದನ್ನು ನೋಡಿ ಮೋಹಿನಿ ಆ ವಾರವೇ ಹೋಗಿ ಹೆಸರು ಕೊಟ್ಟಳು. ಅಜ್ಜಿಯ ಗೇರು ಹಾಕಲು ಮೈಯಲ್ಲಿದ್ದ ಬಲವೆಲ್ಲ ಬೇಕಾಗುತ್ತಿತ್ತು. ಕಲಿತಳು. ಕೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ.

ಹೊಸ ಗಾಡಿ ಬಂದದ್ದು ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ. ಮೋಹಿನಿ ಅದಕ್ಕೆ ಸೊಸೆ ಎಂದು ಹೆಸರಿಟ್ಟಳು. ನವರಾತ್ರಿಯವರೆಗೆ ಅದು ಚೆನ್ನಾಗಿಯೇ ಓಡಿತು. ಆಯುಧ ಪೂಜೆಗೆ ಎರಡೂ ಗಾಡಿಗಳಿಗೆ ಹೂವು ಏರಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಹೆಕ್ಟರನ ಕೈಯಲ್ಲೇ ಕುಂಬಳಕಾಯಿ ಒಡೆಸಿದ್ದಳು. ಆಮೇಲೆ ಶುಕ್ರವಾರ ಶುಕ್ರವಾರ ಗಂಧ ತೇಯ್ದು, ಅದರ ಮೇಲೆ ಕುಂಕುಮ ಒತ್ತಿ ಬೊಟ್ಟಿಡುವುದು ರೂಢಿಯಾಯಿತು. ಅಜ್ಜಿಗೆ ಮುಂಭಾಗದ ಹಿತ್ತಾಳೆ ಫಲಕದ ಮೇಲೆ, ಸೊಸೆಗೆ ಲಾಂಛನದ ಕೆಳಗಿನ ಗುಂಡನೆಯ ಕಪ್ಪು ಗಾಜಿನ ಮೇಲೆ. ಹಣೆಬೊಟ್ಟಿಗೆಂದೇ ಬಿಟ್ಟ ಜಾಗದಂತಿತ್ತು ಅದು. ಸ್ಟೇಷನ್ನಿನವರಿಗೂ ಆ ಬೊಟ್ಟು ಇಷ್ಟವಾಗಿತ್ತು.

ಆ ಹಬ್ಬ ಕಳೆದ ಮೇಲೆ ಸೊಸೆಯ ಕಾಟ ಶುರುವಾಯಿತು. ಲಾಸ್ ಏಂಜಲೀಸಿನ ವರ್ಕ್‌ಶಾಪಿಗೆ ಅದನ್ನು ಓಡಿಸಿಕೊಂಡು ಹೋಗುವುದು, ಅಲ್ಲಿನವರು ವಾರವಿಡೀ ಇಟ್ಟುಕೊಂಡು ಏನೂ ತೊಂದರೆ ಇಲ್ಲ ಎನ್ನುವುದು, ಊರಿಗೆ ತಂದ ಮೇಲೆ ಮತ್ತದೇ ರಾಗ. ಒಮ್ಮೆ ವೈರು ಬದಲಿಸಿದರು, ಒಮ್ಮೆ ಯಾವುದೋ ಬೋರ್ಡು. ಪ್ರತಿ ಸಲ ಕಳಿಸುವ ಮುಂಚೆ ಮೋಹಿನಿ ಗಾಡಿಯನ್ನು ಫಳಫಳ ತೊಳೆಯುತ್ತಿದ್ದಳು. ಕೊಳಕು ಗಾಡಿಯನ್ನು ಬೇರೆಯವರ ಮುಂದೆ ನಿಲ್ಲಿಸಿದರೆ ಮರ್ಯಾದೆ ಉಳಿಯುವುದೇ? ತಿರುಗಿ ಬಂದ ಕೂಡಲೇ, ಕ್ಷೇಮವಾಗಿ ಬಂತಲ್ಲ ಎಂದು ಹೊಸ ಬೊಟ್ಟು.

"ಇದಕ್ಕೆ ಎಂತ ರೋಗ ಅಂತ ಒಬ್ಬನಿಗೂ ಗೊತ್ತಾಗುದಿಲ್ಲ ಮಾರಾಯ್ರೆ. ಅಲ್ಲಿ ಕೊಂಡೋದ್ರೆ ಸರಿ ಉಂಟು, ಇಲ್ಲಿ ತಂದ್ರೆ ಪುನಃ ಶುರು," ಎಂದು ಗಂಡನ ಮುಂದೆ ಹಾರಾಡಿದಳು.

ಗಂಡ ನಿತ್ಯಾನಂದ ರಾಂಚೊ ಬರ್ನಾರ್ಡೊದ ಕಂಪನಿಯೊಂದರಲ್ಲಿ ಇಂಜಿನಿಯರ್. ಅವನಲ್ಲಿ ಎಲ್ಲದಕ್ಕೂ ಒಂದು ಉತ್ತರ ಸಿದ್ಧವಿರುತ್ತಿತ್ತು. "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರಾ?"

"ಅದೂ ಮಾಡಿ ಆಯ್ತು."

"ಹಾಗಾದ್ರೆ ಉಪ್ಪುಗಾಳಿಯೇ. ಬೇರೆ ಎಂತದೂ ಅಲ್ಲ."

ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. ಊರೂರಿನಿಂದ ಗಾಡಿಗಳು ಉತ್ತರಕ್ಕೆ ಹೊರಟವು. ಸೀಲ್ ಪಾಯಿಂಟಿಗೂ ಕರೆ ಬಂತು. ಎಲ್ಲರೂ ಕೋಟು ಬೂಟು ಹಾಕಿ ನಿಂತರು. ಮೋಹಿನಿ ಸೊಸೆಯನ್ನು ಸ್ಟೇಷನ್ನಿನಿಂದ ಹೊರಗೆ ತಂದಳಷ್ಟೇ, ಗಕ್ಕನೆ ನಿಂತಿತು. ಮತ್ತೆ ಎಬ್ಬಿಸಿದರೆ ತಿರುವಿನಲ್ಲಿ ಮತ್ತೆ ನಿಂತಿತು.

"ಇದನ್ನು ಫ್ರೀವೇ ಮೇಲೆ, ಆ ಹೊಗೆಯೊಳಗೆ ಹೇಗೆ ಕಳಿಸಲಿ?" ಎಂದ ಹೆಕ್ಟರ್. ಅಜ್ಜಿಯಷ್ಟು ಹಳೆಯ ಗಾಡಿಯನ್ನು ಅಂಥ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಕಡೆಗೆ ಅವರೆಲ್ಲ ಸ್ಟೇಷನ್ನಿನಲ್ಲೇ ಕೂತು, ಮನೆಗಳು ಸಾಲುಸಾಲಾಗಿ ಸುಡುವುದನ್ನು ಟೀವಿಯಲ್ಲಿ ನೋಡಿದರು. ಒಬ್ಬೊಬ್ಬರಾಗಿ ಕೋಟು ಬಿಚ್ಚಿದರು. ಮೋಹಿನಿ ಹೋಗಿ ಸೊಸೆಯ ಟೈರಿಗೆ ಒದ್ದಳು. ಕಾಲು ನೋಯಿತು, ಸಿಟ್ಟು ಇಳಿಯಲಿಲ್ಲ.

ಇಷ್ಟು ಸಾಲದೆಂಬಂತೆ ಲಾಸ್ ಏಂಜಲೀಸಿನ ಪಕ್ಕದ ಬರ್ಬ್ಯಾಂಕಿನ ಕಂಪನಿಯೊಂದು ಅಜ್ಜಿಯನ್ನು ಮಾರುತ್ತೀರಾ ಎಂದು ಕೇಳಿತು. ಸಿನಿಮಾಗಳಿಗೆ ಹಳೆಯ ಗಾಡಿ ಒದಗಿಸುವವರು ಅವರು. ಯಾವುದೋ ಸೀನಿನಲ್ಲಿ ಫೈರ್ ಸ್ಟೇಷನ್ನಿಗೇ ಬೆಂಕಿ ಬೀಳುತ್ತದಂತೆ. ಅದರೊಳಗೆ ಗಾಡಿಯೊಂದು ಉರಿಯಬೇಕಂತೆ. ಹೆಕ್ಟರನಿಗೂ ಶೆಡ್ಡಿನಲ್ಲಿ ಆಂಬುಲೆನ್ಸಿಗೆ ಜಾಗ ಬೇಕಿತ್ತು. ಮಾರ್ಚಿನ ಒಂದು ಶನಿವಾರ ಸದಸ್ಯರೆಲ್ಲ ಕೂತು ವೋಟು ಹಾಕುವುದೆಂದು ತೀರ್ಮಾನವಾಯಿತು. ಮೋಹಿನಿ ಸುಮ್ಮನಿರಲಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಕೂತಳು. ಸೊಸೆಯನ್ನು ನಂಬಿ ಅಜ್ಜಿಯನ್ನು ಹೊರಗೆ ಹಾಕಿದರೆ ನಾಳೆ ಊರಿಗೆ ಬೆಂಕಿ ಬಿದ್ದಾಗ ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದಳು. ಮೀಟಿಂಗಿಗೆ ಮುಂಚೆಯೇ ಹೆಚ್ಚಿನವರು ಅವಳ ಕಡೆಗೆ ವಾಲಿದರು.

ಆ ಶನಿವಾರ ಬೆಳಿಗ್ಗೆ, ಮೀಟಿಂಗಿಗೆ ಜನ ಬರುತ್ತಾರೆಂದು ಎರಡೂ ಗಾಡಿಗಳನ್ನು ತೊಳೆದಳು. ನೀರು ಆರಲೆಂದು ಸೊಸೆಯನ್ನು ಬೀಚಿನವರೆಗೆ ಒಂದು ಸುತ್ತು ಹೊಡೆಸಿದಳು. ಎಲ್ಲೂ ನಿಲ್ಲಲಿಲ್ಲ, ದೀಪವೂ ಹೊತ್ತಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

"ಇವತ್ತೇ ಸರಿ ಇರ್ಬೇಕಾ ನಿಂಗೆ? ಎಲ್ಲರೂ ನೋಡ್ಲಿಕ್ಕೆ ಬರುವ ದಿನವೇ?"

ಶೆಡ್ಡಿನ ಬಾಗಿಲ ಮುಂದೆ ನಿಲ್ಲಿಸಿ, ಇಳಿದು, ಗಂಧ ಹಚ್ಚಿ ಕುಂಕುಮ ಒತ್ತಿದಳು. ಹತ್ತಿ ಕೂತು ಒಳಗೆ ಸೇರಿಸಲೆಂದು ಮುಂದಕ್ಕೆ ಬಿಟ್ಟಳು. ಹಳದಿ ದೀಪ. ಗಕ್ಕನೆ ಬ್ರೇಕ್. ಹಾ, ಬಂತು ನೋಡು ಎಂದು ಮೋಹಿನಿ ಸ್ಟೀರಿಂಗಿಗೆ ಬಡಿದು ನಕ್ಕಳು.

ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಗ ಸರಿಯಿದ್ದದ್ದು ಈಗ ಕೆಟ್ಟಿತು. ಈ ನಡುವೆ ಏನಾಯಿತು? ಗಾಡಿಯನ್ನು ಯಾರೂ ಮುಟ್ಟಿರಲಿಲ್ಲ. ಅವಳೇ ಮುಟ್ಟಿದ್ದಳು. ಇಳಿದು ಹೋಗಿ ಸೆರಗು ಹುಡುಕಿದ ಕೈಗೆ ಜೀನ್ಸ್ ಸಿಕ್ಕಿತು. ಟೀ ಶರ್ಟಿನ ಅಂಚಿನಿಂದಲೇ ಆ ಕಪ್ಪು ಗಾಜನ್ನು ಒರೆಸಿದಳು. ಹತ್ತಿ ನೋಡಿದರೆ ದೀಪ ಆರಿತ್ತು. ಮತ್ತೆ ಬೊಟ್ಟಿಟ್ಟಳು. ಹೊತ್ತಿತು. ಒರೆಸಿದಳು. ಆರಿತು.

ಅದು ಹಣೆಯಲ್ಲ, ಕಣ್ಣು. ಅಷ್ಟು ತಿಂಗಳು ಅವಳು ಗಾಡಿಯ ಕಣ್ಣಿಗೆ ಗಂಧ ಮೆತ್ತಿದ್ದಳು. ಜನವರಿಯ ಆ ಬೆಳಿಗ್ಗೆಯೂ, ದೂರ ಹೊರಟ ಗಾಡಿ ಎಂದು ಎಂದಿಗಿಂತ ದೊಡ್ಡ ಬೊಟ್ಟೇ ಇಟ್ಟಿದ್ದಳು. ಮೋಹಿನಿ ಫುಟ್‌ಬೋರ್ಡಿನ ಮೇಲೆ ಕೂತಳು. ಗಾಡಿಯ ಮೇಲೆ, ವರ್ಕ್‌ಶಾಪಿನವರ ಮೇಲೆ, ಉಪ್ಪುಗಾಳಿಯ ಮೇಲೆ ಹರಿಯಬಿಟ್ಟಿದ್ದ ಸಿಟ್ಟೆಲ್ಲ ತಿರುಗಿ ಬಂದು ಅವಳ ಮೈಮೇಲೇ ಬಿತ್ತು.

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅಜ್ಜಿ ಉಳಿಯುತ್ತಿತ್ತು. ನಾಳೆಯಿಂದ ಬೊಟ್ಟಿಡದೆ ಇದ್ದರಾಯಿತು, ಸೊಸೆಗೆ ತಾನಾಗಿಯೇ ವಾಸಿಯಾಯಿತು ಎಂದರೂ ನಡೆಯುತ್ತಿತ್ತು. ಮೀಟಿಂಗಿನಲ್ಲಿ ಅವಳ ಸರದಿ ಬರುವವರೆಗೂ ಈ ಯೋಚನೆ ಬಿಡಲಿಲ್ಲ. ಆದರೆ ಈ ಗಾಡಿ ನಿಂತೀತು ಎಂದು ಹೆದರಿ ಹೆಕ್ಟರ್ ಇನ್ನೊಂದು ಕರೆಗೆ ಜನರನ್ನು ಕಳಿಸದೆ ಉಳಿದರೆ? ಅವಳು ಎದ್ದು ನಿಂತು ಕುಂಕುಮದ ಭರಣಿಯನ್ನು ಮೇಜಿನ ಮೇಲೆ ಇಟ್ಟಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸರ್ಫ್‌ಬೋರ್ಡಿನವನು ನಗಲು ಹೋಗಿ ನಿಲ್ಲಿಸಿದ. ಹೆಕ್ಟರ್ ಭರಣಿಯನ್ನು ಎತ್ತಿ, ಮುಚ್ಚಳ ತೆಗೆದು ನೋಡಿದ.

"ಜನವರಿಯಲ್ಲೂ?" ಎಂದು ಕೇಳಿದ.

"ಜನವರಿಯಲ್ಲೂ."

ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ, ವೋಟಿಗೆ ಕರೆದ. ಅಜ್ಜಿಯನ್ನು ಉಳಿಸಿಕೊಳ್ಳಲು ಎದ್ದದ್ದು ಮೋಹಿನಿಯ ಕೈಯೊಂದೇ.

ಮುಂದಿನ ವಾರ ಬರ್ಬ್ಯಾಂಕಿಗೆ ಅಜ್ಜಿಯನ್ನು ಅವಳೇ ಓಡಿಸಿದಳು. ಹಿಂದೆ ಕಾರಿನಲ್ಲಿ ನಿತ್ಯಾನಂದ. ಹೊರಡುವಾಗ ರಕ್ಷಿತಾ ಫೋಟೋ ತೆಗೆದು, "ಇಟ್ಸ್ ನಾಟ್ ಫೇರ್, ಅಮ್ಮಾ," ಎಂದು ಒಳಗೆ ಹೋಗಿಬಿಟ್ಟಿದ್ದಳು. ಮೋಹಿನಿ ಅಂದೂ ಗಾಡಿಯನ್ನು ತೊಳೆದಿದ್ದಳು, ಹಿತ್ತಾಳೆಗೆ ಹೊಳಪು ಕೊಟ್ಟು ಬೊಟ್ಟಿಟ್ಟಿದ್ದಳು. ಸುಡುವ ಗಾಡಿಯಾದರೇನು, ಹಾಗೇ ಬರಿಹಣೆಯಲ್ಲಿ ಕಳಿಸಲು ಅವಳಿಂದ ಆಗಲಿಲ್ಲ.

ಕಂಪನಿಯ ಹುಡುಗಿಯೊಬ್ಬಳು ಬೀಗದ ಕೈ ತೆಗೆದುಕೊಂಡು ಗಾಡಿಯ ಸುತ್ತ ಬಂದಳು. ಮುಂದೆ ನಿಂತು, ಈ ಕೆಂಪು ಕಲೆಯನ್ನು ಒರೆಸಬೇಕೇ ಎಂದು ಕೇಳಿದಳು.

"ಬೇಡ, ಇರಲಿ," ಎಂದಳು ಮೋಹಿನಿ. "ಈ ಗಾಡಿಗೆ ಅದರಿಂದ ಏನೂ ತೊಂದರೆಯಿಲ್ಲ."